ಗಾಂಧೀಜಿ ಹತ್ತಿದ ಎರಡು ಹಡಗು

1931ರ ಆಗಸ್ಟ್ 29ರಂದು ಮುಂಬಯಿಯಿಂದ ಹೊರಟ ‘ರಾಜಪುತಾನಾ’ ಹಡಗಿನಲ್ಲಿ ಗಾಂಧೀಜಿ ಇದ್ದರು. ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೊರಟವರು ಡೆಕ್ಕಿನ ಮೇಲೆಯೇ ನೂಲು ತೆಗೆದರು. ಪಿ ಆ್ಯಂಡ್ ಒ ಕಂಪೆನಿಯ, 16 ಸಾವಿರ ಟನ್ನಿಗೂ ಮಿಕ್ಕಿದ ಆ ಹಡಗಿನ ಜಾತಕ ಇವತ್ತಿಗೂ ಸಿಗುತ್ತದೆ. ನೀರಿಗಿಳಿದದ್ದು 1925ರಲ್ಲಿ. ಎರಡನೆಯ ಮಹಾಯುದ್ಧ ಶುರುವಾದಾಗ ಅದಕ್ಕೂ ಫಿರಂಗಿ ಕೂರಿಸಿ ಕಾವಲಿಗೆ ಹಚ್ಚಿದರು. 1941ರ ಏಪ್ರಿಲ್ 13ರಂದು ಐಸ್‌ಲ್ಯಾಂಡಿನ ಪಶ್ಚಿಮದಲ್ಲಿ ಜರ್ಮನಿಯ ಯು-108 ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಮುಳುಗಿತು.

ಅದೇ ಗಾಂಧೀಜಿ ನಮ್ಮ ಕರಾವಳಿಯಿಂದಲೂ ಹಡಗು ಹತ್ತಿದ್ದಾರೆ. ಹರಿಜನ ಪ್ರವಾಸದಲ್ಲಿ, 1934ರ ಫೆಬ್ರವರಿ ಕೊನೆಗೆ, ಮಂಗಳೂರು, ಉಡುಪಿ ದಾಟಿ ಕುಂದಾಪುರಕ್ಕೆ ಬಂದವರು ಕಾರವಾರಕ್ಕೆ ಹೋದದ್ದು ಸಮುದ್ರದ ಮೇಲೆ. ಹೊಳೆಹೊಳೆಗೂ ಸೇತುವೆ ಇಲ್ಲದ ಆ ಕಾಲದಲ್ಲಿ, ಕಡವು ಕಡವಿನಲ್ಲೂ ದೋಣಿಗೆ ಕಾಯುವುದಕ್ಕಿಂತ ಕಡಲೇ ನೇರ ದಾರಿ.

ಬ್ರಹ್ಮಾವರ, ಬೈಂದೂರು ಕಡೆಯ ಹುಡುಗರನ್ನು ಬೊಂಬಾಯಿಯ ಹೊಟೇಲುಗಳಿಗೆ ಮುಟ್ಟಿಸಿದ್ದೂ ಇಂಥ ಕರಾವಳಿ ಸ್ಟೀಮರುಗಳೇ. ಕುಂದಾಪುರದ ಪಂಚಗಂಗಾವಳಿ ಹೊಳೆಯ ಅಳಿವೆಯಲ್ಲಿ ಮರಳು. ಸ್ಟೀಮರು ಹೊರಗಡೆ ನಿಲ್ಲಬೇಕು. ಟ್ರಂಕು, ಹಾಸಿಗೆ ಸುರುಳಿಯ ಜೊತೆ ದೋಣಿಯಲ್ಲಿ ಅಲ್ಲಿಯ ತನಕ ಹೋಗಬೇಕು. ತೆರೆ ದೋಣಿಯನ್ನು ಮೇಲೆತ್ತಿದ ಗಳಿಗೆ ನೋಡಿ ಏಣಿಗೆ ಕಾಲಿಡಬೇಕು. ತಪ್ಪಿದರೆ ಕೈ ಹಿಡಿದು ಎಳೆಯಲು ದೋಣಿಯವನೇ ಗತಿ. ಮಳೆಗಾಲದಲ್ಲಿ ಆ ದಾರಿಯೂ ಬಂದ್.

ಈಗ ಕೊಂಕಣ ರೈಲಿದೆ, ಹೆದ್ದಾರಿಯಿದೆ. ಸ್ಟೀಮರು ಬೇಕೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ದೊಡ್ಡ ಹಡಗಿನ ಹುಟ್ಟು ಸಾವು ತಾರೀಕು ಸಮೇತ ನಮಗೆ ಗೊತ್ತು. ನಮ್ಮ ಅಜ್ಜ ಊರು ಬಿಟ್ಟ ಸ್ಟೀಮರಿನ ಹೆಸರು ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ‘ರಾಜಪುತಾನಾ’ದ ಲೆಕ್ಕ ಇಡಲು ಕಂಪೆನಿಯಿತ್ತು, ನೌಕಾಪಡೆಯಿತ್ತು. ಡೆಕ್ಕಿನ ಟಿಕೆಟು ಕೊಂಡ ಹುಡುಗನ ಲೆಕ್ಕವನ್ನು ಅವನ ಮನೆಯವರೇ ಇಡಬೇಕು.

ಆ ಪ್ರಯಾಣ ಮಾಡಿದ ಕೆಲವರಾದರೂ ಇನ್ನೂ ನಮ್ಮ ಜಗಲಿಗಳಲ್ಲಿ ಕೂತಿದ್ದಾರು. ಟಿಕೆಟಿಗೆ ದುಡ್ಡು ಕೊಟ್ಟವರು ಯಾರು, ಬುತ್ತಿಯಲ್ಲಿ ಏನಿತ್ತು, ಬೊಂಬಾಯಿಯಲ್ಲಿ ಇಳಿದಾಗ ಕರೆದೊಯ್ಯಲು ಬಂದವರು ಯಾರು ಎಂದು ಕೇಳಿ. ಅವರು ಹೇಳಿದ್ದನ್ನು ಇಸವಿ ಸಮೇತ ಬರೆದಿಡಿ. ಅದಕ್ಕೆ ಇತಿಹಾಸಕಾರ ಬೇಡ. ಹಳೆಯ ನೋಟ್‌ಬುಕ್ಕಿನ ಎರಡು ಖಾಲಿ ಹಾಳೆ ಸಾಕು.