ಕೊನೆಯ ಹಾಸಿಗೆ

ನಮ್ಮ ಚಿಟಗುಪ್ಪದಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಹೆಂಗಸರು ಮೊದಲು ಕೇಳುವುದು, "ಮನಿಯಾಗ ಹೋದ್ರಾ, ದವಾಖಾನಿಯಾಗ ಹೋದ್ರಾ?" ಎಂದು. ಮನೆಯಲ್ಲಿ ಎಂದರೆ "ಪುಣ್ಯವಂತರು" ಎನ್ನುತ್ತಾರೆ. ದವಾಖಾನೆಯಲ್ಲಿ ಎಂದರೆ ಸುಮ್ಮನಾಗುತ್ತಾರೆ. ಆ ಮೌನ ಆ ಮನೆಯ ಸೊಸೆಗೆ ಚುಚ್ಚುತ್ತದೆ. ನನಗೂ ಚುಚ್ಚಿದೆ.

2012ರಲ್ಲಿ ನಮ್ಮ ಅತ್ತೆಯವರ ಗರ್ಭಕಂಠದ ಕ್ಯಾನ್ಸರ್ ಕೈಮೀರಿತ್ತು. ಹೈದರಾಬಾದಿನ ವೈದ್ಯರು, "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದರು. ಅತ್ತೆಗೆ ಬೇಕಾದದ್ದೂ ಅದೇ. "ನನ್ನ ಪಡಸಾಲ್ಯಾಗೇ ನನ್ನ ಜೀವ ಹೋಗ್ಲವಾ" ಎಂದು ನನ್ನ ಕೈ ಹಿಡಿದರು. ನಾನು ಹೂಂ ಎಂದೆ.

ಆರು ವಾರ ನಡೆಸಿದೆ. ಬೆಳಿಗ್ಗೆ ಬಟ್ಟೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿ ಶಾಲೆಗೆ ಓಡುವುದು. ಮಧ್ಯಾಹ್ನದ ಬಿಡುವಿನಲ್ಲಿ ಮತ್ತೆ ಮನೆಗೆ. ಅದನ್ನೆಲ್ಲ ತಾಳಿಕೊಂಡೆ. ಅವರ ನೋವನ್ನು ತಾಳಲಾಗಲಿಲ್ಲ. ಹೈದರಾಬಾದಿನಿಂದ ತಂದ ಮಾರ್ಫಿನ್ ಗುಳಿಗೆ ತೀರಿದಾಗ ಊರಿನ ಯಾವ ಔಷಧ ಅಂಗಡಿಯಲ್ಲೂ ಅದು ಸಿಗಲಿಲ್ಲ. ಎರಡು ರಾತ್ರಿ ಅವರು ಕೂಗಿಕೊಂಡರು. ಮೂರನೆಯ ದಿನ ನಾನೇ ಗಾಡಿ ತರಿಸಿದೆ. ನಾಲ್ಕು ದಿನದ ಮೇಲೆ ದವಾಖಾನೆಯ ಮಂಚದಲ್ಲಿ ನೋವಿಲ್ಲದೆ ಕಣ್ಣು ಮುಚ್ಚಿದರು.

ನಾನು ಮಾತಿಗೆ ತಪ್ಪಿದೆನೇ?

ಮನೆಯಲ್ಲಿ ಸಾಯುವುದು ಬರಿಯ ಪುಣ್ಯದ ಮಾತಲ್ಲ, ಪ್ರೀತಿಯ ಮಾತೂ ಅಲ್ಲ. ಹಗಲಿಡೀ ಹತ್ತಿರ ಕೂರುವ ಒಂದು ಜೀವ ಬೇಕು. ಕರೆದರೆ ಬರುವ ನರ್ಸು ಬೇಕು. ನೋವಿನ ಔಷಧಿ ಕೈಗೆ ಸಿಗಬೇಕು. 1985ರ ಮಾದಕ ವಸ್ತುಗಳ ಕಾಯಿದೆಗೆ ಹೆದರಿ ಮಾರ್ಫಿನ್ ಇಡುವವರೇ ವಿರಳವಾಗಿದ್ದರು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸಡಿಲಿಸಿತು. ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಮೊದಲಾದ ಉಪಶಮನ ಸೇವೆ ಊರೂರಿಗೆ ಹಬ್ಬಿತು. ಅಲ್ಲಿ ನರ್ಸುಗಳು ರೋಗಿಯ ಮನೆಗೇ ಬರುತ್ತಾರೆ. ಬೆಂಗಳೂರಿನ ಕರುಣಾಶ್ರಯ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ, ಮನೆಗಳಿಗೂ ಹೋಗುತ್ತದೆ. ಅದೇ ಅತ್ತೆ, ಅದೇ ಸೊಸೆ, ಊರು ಮಾತ್ರ ಬೇರೆಯಾಗಿದ್ದರೆ ಅವರ ಪಡಸಾಲೆ ಅವರಿಗೆ ಸಿಗುತ್ತಿತ್ತೋ ಏನೋ. ಹಾಗಿರುವಾಗ ಪಾಪಪುಣ್ಯವನ್ನೆಲ್ಲ ಸೊಸೆಯ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಆದರೂ ನನ್ನದೊಂದು ತಪ್ಪಿದೆ. ಮನೆ, ನೋವಿಲ್ಲದ ಸಾವು, ಎರಡರಲ್ಲಿ ಒಂದೇ ಸಿಗುವುದಾದರೆ ಯಾವುದು ಬೇಕೆಂದು ಅವರನ್ನು ನಾನು ಕೇಳಲಿಲ್ಲ. ಕೇಳಿದರೆ ಸಾವನ್ನು ಕರೆದಂತಾದೀತೆಂದು ಅಂಜಿದೆ. ಆರು ವಾರ ಸಮಯವಿತ್ತು. ಕೊನೆಗೆ ಅವರ ಪರವಾಗಿ ನಾನೇ ಆರಿಸಿದೆ.

ನಿಮ್ಮ ಮನೆಯ ಹಿರಿಯರಿಗೆ ಮಾತು ಆಡಲು ಬರುತ್ತಿರುವಾಗಲೇ ಕೇಳಿಬಿಡಿ, ತಾಯಂದಿರೇ. ಸಾವಿನ ಮನೆಗೆ ಹೋದಾಗ ಆ ಹಳೆಯ ಪ್ರಶ್ನೆಯನ್ನು ನಾನು ಈಗ ಕೇಳುವುದಿಲ್ಲ. ಸೊಸೆಯ ಪಕ್ಕ ಕೂತು, "ರಾತ್ರಿ ನಿನ್ನ ಜೋಡಿ ಯಾರಿದ್ರವಾ?" ಎನ್ನುತ್ತೇನೆ.