ರಜೆಯ ದಿನದ ಕೂಲಿ

ಸರ್ಕಾರವು ಒಂದು ದಿನವನ್ನು ರಜೆಯೆಂದು ಸಾರಿದಾಗ ಅದು ಯಾರಿಗೆ ಏನನ್ನು ಕೊಡುತ್ತದೆ, ಯಾರಿಂದ ಏನನ್ನು ಕಳೆಯುತ್ತದೆ? ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಕ್ಷರವನ್ನು ಕಂಡು ಹಿಗ್ಗುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿರಳ.

ರಜೆಯ ಕಾನೂನಿನ ಒಂದು ಮುಖ್ಯ ಬೇರು ಹಬ್ಬಗಳಲ್ಲಿಲ್ಲ, ಸಾಲಪತ್ರಗಳಲ್ಲಿದೆ ಎಂಬುದು ಹಲವರಿಗೆ ಆಶ್ಚರ್ಯವೆನಿಸೀತು. ‘ಸಾರ್ವಜನಿಕ ರಜಾದಿನ’ವೆಂದರೇನೆಂಬುದನ್ನು ಹೇಳುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೆಯ ಪ್ರಕರಣ. ಭಾನುವಾರಗಳೂ, ರಾಜಪತ್ರದ ಅಧಿಸೂಚನೆಯ ಮೂಲಕ ಕೇಂದ್ರ ಸರ್ಕಾರವು ಘೋಷಿಸಿದ ದಿನಗಳೂ ಅದರೊಳಗೆ ಬರುತ್ತವೆ. ಈ ಅಧಿಕಾರವನ್ನು 1957ರಲ್ಲಿ ರಾಜ್ಯಗಳಿಗೂ ವಹಿಸಿಕೊಡಲಾಯಿತು. ಪ್ರಾಮಿಸರಿ ನೋಟಿನ ವಾಯಿದೆ ರಜೆಯ ದಿನ ಬಿದ್ದರೆ ಹಣವನ್ನು ಎಂದು ಸಲ್ಲಿಸತಕ್ಕದ್ದು ಎಂಬುದೇ ಅಲ್ಲಿನ ಚಿಂತೆ. ಉತ್ತರ ಕುತೂಹಲಕರವಾಗಿದೆ: ಹಿಂದಿನ ವ್ಯವಹಾರದ ದಿನವೇ ಸಲ್ಲಿಸತಕ್ಕದ್ದು. ಆದರೆ 1963ರ ಕಾಲಮಿತಿ ಕಾಯ್ದೆಯು ದಾವೆ ಹೂಡುವ ಕಡೆಯ ದಿನ ನ್ಯಾಯಾಲಯ ಮುಚ್ಚಿದ್ದರೆ ಮತ್ತೆ ತೆರೆದ ದಿನ ಹೂಡಬಹುದೆನ್ನುತ್ತದೆ. ಕೊಡಬೇಕಾದವನಿಗೆ ರಜೆಯು ನೆಪವಾಗದು. ನ್ಯಾಯ ಕೇಳಿ ಬಂದವನಿಗೆ ಅದರಿಂದ ನಷ್ಟವಾಗದು. ಒಣ ಶಾಸನಗಳೆರಡರ ನಡುವೆ ಇಷ್ಟು ಧರ್ಮಸೂಕ್ಷ್ಮ ಅಡಗಿರುವುದನ್ನು ಓದುಗರು ಗಮನಿಸಬೇಕು.

ಇನ್ನು ಕಛೇರಿ, ಶಾಲೆಗಳ ರಜೆಗಳನ್ನು ರಾಜ್ಯ ಸರ್ಕಾರವು ವರ್ಷವರ್ಷವೂ ಪಟ್ಟಿ ಮಾಡಿ ಪ್ರಕಟಿಸುತ್ತದೆ. ಮಹಾವೀರ ಜಯಂತಿಯೂ ಅದರಲ್ಲಿದೆ. ಕೊಡಗು ಜಿಲ್ಲೆಗೆ ಮಾತ್ರ ಕೈಲ್ ಪೋಳ್ದ್, ತುಲಾ ಸಂಕ್ರಮಣ, ಹುತ್ತರಿಗಳ ರಜೆಯುಂಟು. ಪಟ್ಟಿಯ ಹೊರಗೂ ಘೋಷಣೆಗಳಾಗುವುದುಂಟು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಮರುದಿನ ರಾಜ್ಯದಾದ್ಯಂತ ರಜೆ ಸಾರಲಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪಾಲಿಗೆ ಅದು ಮನೆಯ ದುಃಖವೇ ಆಗಿತ್ತು. ಆ ರಜೆಯ ಔಚಿತ್ಯವನ್ನು ಯಾರೂ ಪ್ರಶ್ನಿಸಲಾರರು. ಆದರೂ ಕಾಯಕವನ್ನೇ ಬಾಳಾಗಿಸಿಕೊಂಡ ಹಿರಿಯರಿಗೆ ಕೆಲಸ ನಿಲ್ಲಿಸಿ ಗೌರವ ಸಲ್ಲಿಸುವುದರಲ್ಲಿ ಒಂದು ವಿಚಿತ್ರವಿದೆಯೆಂದು ನನಗೆ ತೋರುತ್ತದೆ.

ರಜೆಯನ್ನು ಹಕ್ಕೆಂದು ಕೇಳಬಹುದೇ? ದಾದ್ರಾ ಮತ್ತು ನಗರ ಹವೇಲಿಯ ವಿಮೋಚನೆಯ ದಿನವಾದ ಆಗಸ್ಟ್ 2ಕ್ಕೆ ರಜೆ ಬೇಕೆಂಬ ಅರ್ಜಿಯನ್ನು 2022ರಲ್ಲಿ ತಳ್ಳಿಹಾಕುತ್ತ ಮುಂಬಯಿ ಉಚ್ಚ ನ್ಯಾಯಾಲಯವು, ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ, ಅದು ಸರ್ಕಾರದ ನೀತಿಗೆ ಬಿಟ್ಟದ್ದು ಎಂದಿತು. ಕಾನೂನಿನ ಮಾತು ಸರಿಯೇ.

ಆದರೆ ದುಡಿಯುವವರಿಗೆ ಹಕ್ಕಾಗಿ ಬರುವ ರಜೆಯೂ ಒಂದಿದೆ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆಯು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನಗಳೊಡನೆ ಹಬ್ಬಗಳಿಗಾಗಿ ಇನ್ನೂ ಐದು ದಿನಗಳ ಸಂಬಳಸಹಿತ ರಜೆಯನ್ನು ವಿಧಿಸುತ್ತದೆ. ಅಂದು ಕೆಲಸಕ್ಕೆ ಕರೆದರೆ ಇಮ್ಮಡಿ ಸಂಬಳ ಕೊಡಬೇಕು, ಇಲ್ಲವೇ ಸಂಬಳದೊಡನೆ ಬದಲಿ ರಜೆ ಕೊಡಬೇಕು. ಕಾರ್ಖಾನೆ, ಅಂಗಡಿಗಳಿಗೆ ಇದು ಅನ್ವಯಿಸುತ್ತದೆ. ನಮ್ಮ ಸೀಮೆಯ ಎರಡು ಮೂರು ಎಕರೆಯ ತೆಂಗಿನ ತೋಟ ಕಾರ್ಖಾನೆಯಲ್ಲ, ಅಂಗಡಿಯೂ ಅಲ್ಲ. ಮರ ಹತ್ತಿ ಕಾಯಿ ಕೆಡವುವವನಿಗೆ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯ ಸಿಪ್ಪೆ ಸುಲಿದು ಚಿಪ್ಪೊಡೆದು ಉಂಡೆ ಕೊಬ್ಬರಿ ತೆಗೆಯುವ ಹೆಂಗಸಿಗೆ, ಕೆಂಪಕ್ಷರವೂ ಕಪ್ಪಕ್ಷರವೂ ಒಂದೇ. ರಜೆಯ ಕಾರಣದಿಂದ ಮಾರುಕಟ್ಟೆಯ ಹರಾಜು ಮುಂದೆ ಹೋದರೆ ಮೂಟೆ ಹೊರುವ ಹಮಾಲಿಗೆ ಅಂದಿನ ಕೂಲಿಯೇ ಇಲ್ಲ. ಸರ್ಕಾರಿ ನೌಕರನಿಗೆ ಸಂಬಳದೊಡನೆ ಬಂದ ವಿಶ್ರಾಂತಿಯು ಇವನಿಗೆ ಉಪವಾಸವಾಗಿ ಬರುತ್ತದೆ.

“ಕೂಲಿಯವರಿಗೆ ರಜೆ ಯಾರಿಗೆ ಬೇಕು ಸ್ವಾಮಿ, ಕೆಲಸ ಬೇಕು” ಎನ್ನುವವರುಂಟು. ನಿಜ. ಆದರೆ ಅವರು ರಜೆಯನ್ನು ಒಲ್ಲೆನೆನ್ನುವುದು ದಣಿವಿಲ್ಲವೆಂದಲ್ಲ, ದಣಿವಾರಿಸಿಕೊಂಡರೆ ಒಲೆ ಉರಿಯದೆಂದು. ನಾಲ್ಕನೆಯ ಶನಿವಾರದ ರಜೆಯನ್ನು 2019ರಲ್ಲಿ ಕೊಟ್ಟಾಗ ರಾಜ್ಯ ಸರ್ಕಾರವು ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಅಲ್ಲಿ ವಿಶ್ರಾಂತಿಗೂ ಜಮಾಖರ್ಚುಂಟು. ಕೂಲಿಯವನ ದಣಿವಿಗೆ ಯಾವ ಲೆಕ್ಕದ ಪುಸ್ತಕವಿದೆ?

ಶ್ರಾವಕರಾದ ನಮಗೆ ಅಷ್ಟಮಿ, ಚತುರ್ದಶಿಗಳ ಪರ್ವವನ್ನು ಆಚರಿಸಲು ಯಾವ ಅಧಿಸೂಚನೆಯೂ ಬೇಕಾಗಿಲ್ಲ. ಅಂದಿನ ತ್ಯಾಗದ ಭಾರ ಆಚರಿಸುವವನ ಮೇಲೆಯೇ ಬೀಳುತ್ತದೆ. ಜಯಂತಿಯ ರಜೆ ಹಾಗಲ್ಲ. ನಾವು ಬಸದಿಯಲ್ಲಿ ಅಭಿಷೇಕ ನೋಡುತ್ತಿರುವಾಗ ಅದರ ಬೆಲೆಯನ್ನು ಬೇರೊಬ್ಬನು ತೆರುತ್ತಿರಬಹುದು. ಅವನ ಒಂದು ದಿನದ ಅನ್ನವನ್ನು ತಡೆದ ನಮ್ಮ ರಜೆಯು ಅಚೌರ್ಯಾಣುವ್ರತಕ್ಕೆ ಸಲ್ಲುತ್ತದೆಯೇ ಎಂದು ಕೇಳಿಕೊಳ್ಳುವುದು ಅತಿಯಾದ ಕಟ್ಟುನಿಟ್ಟೆಂದು ನಾನು ಭಾವಿಸುವುದಿಲ್ಲ.

ಕಾನೂನು ತಲುಪದ ಕಡೆ ತೋಟದ ಒಡೆಯನೇ ನಿಯಮ ಮಾಡಿಕೊಳ್ಳಬಹುದು. ಆ ಐದು ರಾಷ್ಟ್ರೀಯ ದಿನಗಳಿಗಾದರೂ ತನ್ನಲ್ಲಿ ವರ್ಷವಿಡೀ ದುಡಿಯುವ ಆಳುಗಳಿಗೆ ಕೂಲಿ ಕೊಟ್ಟು ಮನೆಗೆ ಕಳಿಸುವುದೆಂದರೆ, ಇಬ್ಬರಿದ್ದಲ್ಲಿ ವರ್ಷಕ್ಕೆ ಹತ್ತು ದಿನದ ಕೂಲಿ. ಕೊಬ್ಬರಿಗೆ ಬೆಲೆಯಿದ್ದ ವರ್ಷ ಅದು ಗಣನೆಗೇ ಬಾರದು. ಬೆಲೆ ಕುಸಿದು, ನುಸಿಪೀಡೆ ಹೊಕ್ಕ ವರ್ಷ ಸಣ್ಣ ರೈತನಿಗೆ ಅದೂ ಭಾರವೇ. ಅವನಿಗೂ ರಜೆ ಕೊಡುವವರಿಲ್ಲ. ಅಂಥವನು ಐದಲ್ಲದಿದ್ದರೆ ಎರಡು ದಿನ ಕೊಡಲಿ. ಬೆಲೆ ಬಂದ ವರ್ಷ ಉಳಿದ ಮೂರನ್ನೂ ಸೇರಿಸಲಿ.