ಓಡಿದ್ದು ಯಾರು?

ಮೈಕ್ರೋಪೈಥಾನ್ ಎಂದರೆ ಪೈಥಾನ್ ಭಾಷೆಯ ಪುಟ್ಟ ಅವತಾರ. 256 ಕಿಲೋಬೈಟ್ ಜಾಗ, 16 ಕಿಲೋಬೈಟ್ ರ‍್ಯಾಮ್ ಕೊಟ್ಟರೆ ಸಾಕು, ಓಡುತ್ತೇನೆ ಎನ್ನುತ್ತದೆ. ಇವತ್ತಿನ ಲೆಕ್ಕದಲ್ಲಿ ಇದು ಧೂಳಿನ ಕಣ. ಆದರೆ 1981ರ ಕೊನೆಗೆ ಬ್ರಿಟನ್ನಿನ ಏಕಾರ್ನ್ ಕಂಪನಿ ಹೊರತಂದ ಬಿಬಿಸಿ ಮೈಕ್ರೋ ಎಂಬ ಮನೆಗಣಕದ ಪ್ರೊಸೆಸರ್ ಒಟ್ಟಾರೆ ಕಾಣಬಲ್ಲದ್ದೇ 64 ಕಿಲೋಬೈಟ್. ಅದರಲ್ಲಿ ಅರ್ಧ ರ‍್ಯಾಮ್, ಉಳಿದರ್ಧ ಮೊದಲೇ ಬರೆದಿಟ್ಟ ಚಿಪ್ಪುಗಳಿಗೆ. 256ನ್ನು 64ರಲ್ಲಿ ತುರುಕಲು ಆಗುವುದಿಲ್ಲ. ಲೆಕ್ಕ ಇಷ್ಟು ಸರಳವಾಗಿರುವಾಗ ನೈತಿಕ ಪ್ರಶ್ನೆಗೆ ಇಲ್ಲಿ ಜಾಗವೆಲ್ಲಿ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಧನಕವಡಿಯ ಸೊಸೈಟಿಯಲ್ಲಿ, ನನ್ನ ಮೇಲಿನ ಮಹಡಿಯಲ್ಲಿ, ಅಕ್ಕಲಕೋಟೆ ಕಡೆಯ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಮನೆಯಲ್ಲಿ ಮರಾಠಿ, ನನ್ನ ಜೊತೆ ಗಡಿಭಾಗದ ಕನ್ನಡ. ಅವರು ಕಲಿಸುತ್ತಿದ್ದ ಶಾಲೆ ಹಳೆಯ ಸಾಮಾನು ಹರಾಜು ಹಾಕಿದಾಗ ಒಂದು ಬಿಬಿಸಿ ಮೈಕ್ರೋವನ್ನು ಕೊಂಡು ತಂದಿದ್ದರು. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಶುರು ಮಾಡಿ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತಲ್ಲ, ಆಗ ಬಂದದ್ದು ಇದೇ ಜಾತಿಯ ಯಂತ್ರ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸುತ್ತಿತ್ತು. ಈಗಿನ ಸ್ಟಾರ್ಟಪ್ಪುಗಳಿಗೆ ಆ ಹೆಸರು ಅಂಟುವುದಕ್ಕೆ ಎಷ್ಟೋ ವರ್ಷ ಮೊದಲು!

ಮಾಸ್ತರರ ಕಷ್ಟ ಬೇರೆಯಿತ್ತು. ಸೊಸೈಟಿ ಒಡೆದು ಹೊಸದಾಗಿ ಕಟ್ಟುವ ಮಾತು ನಡೆದಿದೆ. ಬಾಡಿಗೆ ಮನೆಗೆ ಹೋಗುವಾಗ ಎಷ್ಟು ಸಾಮಾನು ಒಯ್ಯುವುದು? "ಇವತ್ತಿನ ಒಂದಾದರೂ ಕೆಲಸ ಇದರಿಂದ ಆದರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಭಂಗಾರಿನವನಿಗೆ" ಎಂದು ಮಗ ಅರ್ಧ ನಗುತ್ತಲೇ ಷರತ್ತು ಹಾಕಿದ್ದ. ಮಾಸ್ತರರು ನನ್ನನ್ನು ಕರೆದು ಕೇಳಿದರು: "ತಮ್ಮಾ, ಮೊಮ್ಮಗಳು ಸಾಲ್ಯಾಗ ಪೈಥಾನ್ ಕಲೀಲಿಕ್ಕತ್ತಾಳ. ಇದರಾಗ ಅದನ್ನ ಓಡಸಲಿಕ್ಕೆ ಬರ್ತದೇನು?"

"ಬೇಸಿಕ್ ಅಂತೂ ಅದರಾಗ ಐತಲ್ರಿ ಸರ್" ಅಂದೆ.

"ಬೇಸಿಕ್ ನನಗೂ ಬರ್ತದ. ಆಕಿಗೆ ಬೇಕಾದ್ದು ಪೈಥಾನ್."

ಮೊದಲು ವಿದ್ಯುತ್ತಿನ ಕೆಲಸ. ಈ ಯಂತ್ರದ ಪವರ್ ಸಪ್ಲೈಯಲ್ಲಿರುವ ಹಳೆಯ ಫಿಲ್ಟರ್ ಕೆಪಾಸಿಟರುಗಳು ವಯಸ್ಸಾದ ಮೇಲೆ ಬಿರುಕುಬಿಟ್ಟು, ಕರೆಂಟು ಕೊಟ್ಟೊಡನೆ ಹೊಗೆಯುಗುಳುವುದು ಪ್ರಸಿದ್ಧ. ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಗಲ್ಲಿಗೆ ಹೋಗಿ ಹೊಸದನ್ನು ತಂದು ಹಾಕಿದೆ. ಸ್ವಿಚ್ ಒತ್ತಿದರೆ ಒಂದು ಬೀಪ್, ಹಳೆಯ ಟಿವಿಯ ಪರದೆಯ ಮೇಲೆ ಒಂದೇ ಒಂದು ಬಾಣದ ಗುರುತು. ಪೈಥಾನ್ ಮೂರು ಬಾಣ ಹಾಕಿ ಕಾಯುತ್ತದೆ, ಬಿಬಿಸಿ ಬೇಸಿಕ್ ಒಂದನ್ನೇ ಹಾಕಿ ಕಾಯುತ್ತದೆ.

ಈ ಯಂತ್ರದಲ್ಲಿ 'ಇನ್‌ಸ್ಟಾಲ್' ಎಂದರೆ ನಿಜಕ್ಕೂ ಬೆರಳಿನ ಕೆಲಸ. ಮುಚ್ಚಳ ಬಿಚ್ಚಿ, ಖಾಲಿ ಸಾಕೆಟ್ಟಿನಲ್ಲಿ 28 ಕಾಲಿನ ಚಿಪ್ಪನ್ನು ಒತ್ತಿ ಕೂರಿಸಬೇಕು. ಆಮೇಲೆ ನಕ್ಷತ್ರ ಚಿಹ್ನೆ ಹಾಕಿ ಭಾಷೆಯ ಹೆಸರು ಟೈಪು ಮಾಡಿದರೆ ಆ ಭಾಷೆ ಎದ್ದು ಬರುತ್ತದೆ. ಲಿಸ್ಪ್, ಫೋರ್ತ್, ಲೋಗೋ ಎಲ್ಲವೂ ಹೀಗೆ ಬರುತ್ತಿದ್ದವು. ಒಂದು ಭಾಷೆ ಕಲಿಯಬೇಕೆಂದರೆ ಅದನ್ನು ಕೈಯಲ್ಲಿ ಹಿಡಿಯಬಹುದಿತ್ತು, ಒಂದು ಕಾಲು ಬಾಗಿದರೆ ಭಾಷೆಯೇ ಕುಂಟುತ್ತಿತ್ತು. ಪೈಥಾನಿಗೆ ಅಂಥ ಚಿಪ್ಪಿಲ್ಲ.

ಉಳಿದದ್ದು ಎಲ್ಲರೂ ಮಾಡುವ ಉಪಾಯ. ಯಂತ್ರದ ಬೆನ್ನಿಗೆ ಒಂದು ಸೀರಿಯಲ್ ಪೋರ್ಟಿದೆ. ಅದಕ್ಕೆ ತಂತಿ ಕಟ್ಟಿ ಇಸ್ಪೀಟೆಲೆಯಷ್ಟಗಲದ ರಾಸ್ಪ್‌ಬೆರ‍್ರಿ ಪೈ ಜೋಡಿಸಿದೆ. ಪೈಥಾನ್ ಓಡುವುದು ಪೈಯಲ್ಲಿ, ಬಿಬಿಸಿ ಮೈಕ್ರೋ ಕೀಲಿಮಣೆಯ ಒತ್ತುಗಳನ್ನು ಅತ್ತ ಕಳಿಸಿ ಬಂದ ಉತ್ತರವನ್ನು ಪರದೆಗೆ ಬರೆಯುತ್ತದೆ. 9600 ಬಾಡ್ ವೇಗ, ಅಂದರೆ ಸೆಕೆಂಡಿಗೆ 960 ಅಕ್ಷರ. ಮೂರು ಬಾಣ ಬಂದವು. ಮಾಸ್ತರರ ಕಣ್ಣು ತುಂಬಿತು. ತಂತಿಯನ್ನೂ ಪೈಯನ್ನೂ ನೋಡಿ ಅವರು ಹೇಳಿದರು: "ಇದನ್ನ ಒಳಗ ಇಟ್ಟು ಮುಚ್ಚಿಬಿಡು ತಮ್ಮಾ. ಜಾಗ ಭಾಳ ಐತಿ. ಹೊರಗ ಚಂದ ಕಾಣೂದಿಲ್ಲ."

ಜಾಗ ನಿಜವಾಗಿಯೂ ಇದೆ. ಐದು ನಿಮಿಷದ ಕೆಲಸ. ಮುಚ್ಚಳ ಹಾಕಿದರೆ ಪ್ರಶ್ನೆಯೂ ಮುಚ್ಚಿಹೋಗುತ್ತದೆ. ನನ್ನ ಕೈ ಅಲ್ಲಿ ನಿಂತಿತು.

ಪೈ ಹೊರಗಿದ್ದರೂ ಒಳಗಿದ್ದರೂ ವಿದ್ಯುತ್ತಿನ ಮಟ್ಟಿಗೆ ವ್ಯತ್ಯಾಸವಿಲ್ಲ. ಇನ್ನು 'ಯಂತ್ರ' ಎಂದರೇನು? ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಯಾವುದೂ ಅಲ್ಲ. ಎಲ್ಲ ಸೇರಿದಾಗ ರೂಢಿಯಿಂದ ಕರೆಯುವ ಹೆಸರು ಅದು. ಹಾಗಾದರೆ ಪೈಯೂ ಸೇರಿ 'ಅಜ್ಜನ ಕಂಪ್ಯೂಟರ್' ಎನ್ನಲು ಅಡ್ಡಿಯೇನು? ನಮ್ಮ ರೂಢಿಯೂ ಅಷ್ಟೇ. ಹಿಂಜವಡಿಯ ಆಫೀಸಿನಲ್ಲಿ ಕೂತು "ನನ್ನ ಲ್ಯಾಪ್‌ಟಾಪಿನಲ್ಲಿ ಓಡ್ತಾ ಇದೆ" ಎನ್ನುವಾಗ ಓಡುತ್ತಿರುವುದು ಯಾವುದೋ ಖಂಡದ ಸರ್ವರಿನಲ್ಲಿ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ.

ಇತಿಹಾಸವೂ ಮಾಸ್ತರರ ಪರವೇ ಇದೆ. ಬಿಬಿಸಿ ಮೈಕ್ರೋದ ಹೊಟ್ಟೆಯಡಿ 'ಟ್ಯೂಬ್' ಎಂಬ ಇನ್ನೊಂದು ಪೋರ್ಟಿದೆ. ಹೊರಗಿನಿಂದ ಎರಡನೆಯ ಪ್ರೊಸೆಸರ್ ತಂದು ಜೋಡಿಸಲೆಂದೇ ಅದನ್ನು ಕೊಟ್ಟದ್ದು. ಸೋಫೀ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಚಿಪ್ 1985ರ ಏಪ್ರಿಲ್ 26ರಂದು ಜೀವ ಪಡೆದದ್ದು ಹೀಗೆ ಒಂದು ಬಿಬಿಸಿ ಮೈಕ್ರೋಗೆ ಅಂಟಿಕೊಂಡೇ. ಇದೇ ಯಂತ್ರದ ಬೇಸಿಕ್ ಬರೆದವರೂ ಸೋಫೀ ವಿಲ್ಸನ್. ನಮ್ಮ ಪೈಯೊಳಗಿರುವುದು ಅದೇ ಆರ್ಮ್ ವಂಶದ ಕುಡಿ. ಅಂದರೆ ತಾಯಿಯ ಮನೆಗೆ ಮಗಳು ಬಂದು ಅಡುಗೆ ಮಾಡಿದಂತೆ. ಟ್ಯೂಬಿನ ಪರಿಭಾಷೆ ಇನ್ನೂ ಸ್ವಾರಸ್ಯಕರ: ಹಳೆಯ ಯಂತ್ರ 'ಆತಿಥೇಯ', ನಿಜವಾದ ಲೆಕ್ಕ ಮಾಡುವ ಹೊಸಬ 'ಪರಾವಲಂಬಿ'. ಪುಣೆಗೆ ದುಡಿಯಲು ಬಂದ ನಮ್ಮಂಥವರು ಈ ಹೆಸರಿಡುವ ರೀತಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬಹುದು.

ಇಷ್ಟೆಲ್ಲ ವಾದ ಕೈಯಲ್ಲಿದ್ದರೂ ನನಗೆ ಮುಚ್ಚಳ ಹಾಕಲಾಗಲಿಲ್ಲ. ನಾಗಸೇನನ ರಥದ ಮಾತಿನಲ್ಲಿ ಒಂದು ಅನುಕೂಲವಿದೆ: ರಾಜನಿಗೆ ಗಾಲಿಯೂ ಕಾಣುತ್ತಿತ್ತು, ನೊಗವೂ ಕಾಣುತ್ತಿತ್ತು. ಏಕಾರ್ನಿನವರು ಆ ಎರಡನೆಯ ಪ್ರೊಸೆಸರನ್ನು ಪಕ್ಕದಲ್ಲಿಡುವ ಬೇರೆ ಡಬ್ಬಿಯಲ್ಲಿ ಮಾರಿದರು, ಪಟ್ಟಿಯಂಥ ಕೇಬಲ್ಲು ಎದ್ದು ಕಾಣುತ್ತಿತ್ತು. ಲ್ಯಾಪ್‌ಟಾಪಿನ ಮಾತು ಸುಳ್ಳಾಗದಿರುವುದು ಎದುರಿಗಿರುವವನಿಗೂ ಸರ್ವರಿನ ವಿಷಯ ಗೊತ್ತಿರುವುದರಿಂದ. ಇಲ್ಲಿ ಮಗನ ಷರತ್ತೇ 'ಇದರಿಂದ ಆಗುತ್ತದೆಯೇ' ಎಂಬುದು. ಯಂತ್ರ ಉಳಿಯುವುದೋ ಭಂಗಾರಿಗೆ ಹೋಗುವುದೋ ಆ ಉತ್ತರದ ಮೇಲೆ ನಿಂತಿದೆ. ಅಂಥ ಕಡೆ ಪದದ ಅರ್ಥವನ್ನು ಹಿಗ್ಗಿಸಿ ಗೆಲ್ಲುವುದು ನನಗೆ ವಕೀಲಿಕೆಯಾಗಿ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಹನ್ನೆರಡು ವರ್ಷದ ಹುಡುಗಿ ಕಂಪ್ಯೂಟರಿನ ಬಗ್ಗೆ ಮೊದಲು ಕಲಿಯುವ ಪಾಠವೇ ತಪ್ಪಾಗುತ್ತದೆ. ಪ್ರೀತಿಗಾಗಿ ಹೇಳುವ ಸುಳ್ಳಿಗೆ ವಿನಾಯಿತಿ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಲಿಯುವವರಿಗೆ ಅವರು ಕಲಿಯುತ್ತಿರುವ ವಿಷಯದಲ್ಲೇ ಹೇಳುವ ಸುಳ್ಳಿಗೆ ಆ ವಿನಾಯಿತಿ ಇಲ್ಲ.

ಮಾಸ್ತರರಿಗೆ ಹಾಗೇ ಹೇಳಿದೆ. ಸಿಟ್ಟು ಬಂತು. "ನಾ ಮೂವತ್ತು ವರ್ಷ ಹುಡುಗರಿಗೆ ಕಲಿಸೀನಿ, ನೀ ನನಗ ಹೇಳ್ತೀ?" ಅಂದರು. ಮಾರನೆಯ ದಿನ ಹೋದಾಗ ಪೈ ಹೊರಗೇ ಇತ್ತು, ಮೇಲೊಂದು ಕಸೂತಿಯ ಕರವಸ್ತ್ರ ಹೊದಿಸಿದ್ದರು.

ಹುಡುಗಿ ಬಂದವಳೇ ಮೊದಲು ಎತ್ತಿದ್ದು ಆ ಕರವಸ್ತ್ರವನ್ನು. ಯಾವುದು ಏನು ಮಾಡುತ್ತದೆಂದು ಹೇಳಿದೆ. ಅವಳು ಪೈಥಾನಿನಲ್ಲಿ 'ಧನಕವಡಿ' ಎಂದು ಕನ್ನಡದಲ್ಲಿ ಮುದ್ರಿಸುವ ಒಂದು ಸಾಲು ಬರೆದು ಪೈಗೇ ಕಡತವಾಗಿ ಹಾಕಿ, ಇಲ್ಲಿಂದ ಓಡಿಸಿದಳು. ಪೈಗೆ ಕನ್ನಡ ಗೊತ್ತು. ಆರು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಟ್ಟು 18 ಬೈಟನ್ನು ಸರಿಯಾಗಿಯೇ ಕಳಿಸಿತು. ಬಿಬಿಸಿ ಮೈಕ್ರೋದ ಪರದೆಯ ಮೇಲೆ ಬಂದದ್ದು ಅರ್ಥವಿಲ್ಲದ ಗುರುತುಗಳು.

"ಹಾಗಾದರೆ ಅಜ್ಜನ ಕಂಪ್ಯೂಟರಿಗೆ ಸ್ವಂತದ್ದು ಏನು ಬರುತ್ತೆ?" ಎಂದು ಕೇಳಿದಳು.

ತಂತಿ ಕಿತ್ತು ಒಂದು ಬಾಣದ ಬೇಸಿಕ್ಕಿಗೆ ಮರಳಿದೆವು. ಅದರಲ್ಲಿ ವಿಡಿಯು 23 ಎಂಬ ಆದೇಶವಿದೆ. ಎಂಟಕ್ಕೆ ಎಂಟು ಚೌಕದಲ್ಲಿ ಚುಕ್ಕಿಯಿಟ್ಟು, ಸಾಲಿಗೊಂದರಂತೆ ಎಂಟು ಸಂಖ್ಯೆ ಕೊಟ್ಟರೆ ನಮ್ಮದೇ ಅಕ್ಷರ ಸಿದ್ಧ. ಮಾಸ್ತರರು ಚೌಕುಳಿ ಹಾಳೆ ತಂದು, ಕನ್ನಡಕ ಏರಿಸಿ, ಮೊಮ್ಮಗಳಿಗೆ ಧ ಬರೆದು ತೋರಿಸಿದರು. ಎಂಟು ಸಾಲಿನಲ್ಲಿ ಅದರ ಕೆಳಗಿನ ಸೀಳು ಕೂರಲಿಲ್ಲ, ಪರದೆಯ ಮೇಲೆ 'ದನಕವಡಿ' ಎಂದು ಮೂಡಿತು. ಅಜ್ಜ ದನ ಎಂದರೇನೆಂದು ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ ಅವಳು ನಕ್ಕಿದ್ದು ಕೆಳಗಿನ ನಮ್ಮ ಮನೆಗೂ ಕೇಳಿಸಿತಂತೆ.

ಮಗ ಇನ್ನೂ ಏನೂ ಹೇಳಿಲ್ಲ. ಅವಳು ಈಗ ಒಂದು ಅಕ್ಷರಕ್ಕೆ ಮೇಲೊಂದು ಕೆಳಗೊಂದು, ಎರಡು ಚೌಕ ಬಳಸುತ್ತಿದ್ದಾಳೆ. ಧ ಮುಗಿದಿದೆ, ನ ಮುಗಿದಿದೆ, ಡಿಯ ಗುಡಿಸಿನ ಹತ್ತಿರ ಜಗಳ ನಡೆದಿದೆ.